ಅತ್ತೆಯ ಸಕ್ಕರೆ, ನನಗೂ ತೆರೆಯದ ಸರ್ವರ್

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ, ಬಯ್ಯುವವರು ಕೊನೆಯವರೆಗೆ ಕಾಯುವುದು ಬೇಡ. ನಾನು ನಮ್ಮ ಅತ್ತೆಯ ರಕ್ತಪರೀಕ್ಷೆಯ ರಿಪೋರ್ಟನ್ನು ಕದ್ದು ನೋಡಿದವಳು.

ಜಯನಗರದ ಒಂದು ಸಣ್ಣ ಲ್ಯಾಬಿನ ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡಿನ ಕೆಲಸಗಳಲ್ಲೊಂದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಅಲ್ಲಿಂದ ನೇರ ದರ್ಶಿನಿಗೆ ಹೋಗಿ ಎರಡು ಇಡ್ಲಿ, ಒಂದು ವಡೆ, ಮೇಲೊಂದು ಕೇಸರಿಭಾತ್ ಮುಗಿಸುವ ಹಿರಿಯರೇ ಅಲ್ಲಿನ ಗಿರಾಕಿಗಳು. ಕತ್ರಿಗುಪ್ಪೆಯಿಂದ ಆಟೋದಲ್ಲಿ ಹೋಗುತ್ತಿದ್ದ ನಮ್ಮ ಅತ್ತೆಯೂ ಅವರಲ್ಲೊಬ್ಬರು. ಕಳೆದ ವರ್ಷ ಒಂದು ದಿನ, ಅವರ ರಿಪೋರ್ಟು ಇನ್ನೂ ಅವರ ಫೋನಿಗೆ ಹೋಗುವ ಮೊದಲೇ ನಾನು ಸರ್ವರ್‌ಗೆ ಲಾಗಿನ್ ಆಗಿ ತೆರೆದು ನೋಡಿಬಿಟ್ಟೆ. ಸಕ್ಕರೆಯ ಮೂರು ತಿಂಗಳ ಸರಾಸರಿ ಎಂಟೂವರೆ. ಅವತ್ತೇ ಸಕ್ಕರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಡಬ್ಬಿ ಎಲ್ಲೇ?" ಎಂದರು ಅತ್ತೆ.

"ಎಂಟೂವರೆ ಇಟ್ಕೊಂಡು ಇನ್ನೂ ಡಬ್ಬಿ ಕೇಳ್ತೀರಲ್ಲ ಅತ್ತೆ!"

ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ನಾನೇ ಇನ್ನೂ ನೋಡಿಲ್ಲ. ನಿಂಗ್ ಹೇಗೆ ಗೊತ್ತಾಯ್ತು?"

ಇಪ್ಪತ್ತು ವರ್ಷ ಕಂಪ್ಯೂಟರ್ ಸೆಕ್ಯೂರಿಟಿ ಎಂದು ಊರಿಗೆಲ್ಲ ಪಾಠ ಹೇಳಿದವಳು ಒಂದು ಪ್ರಶ್ನೆಗೆ ಸಿಕ್ಕಿಬಿದ್ದೆ. ಹದಿನೈದು ದಿನ ಮಾತಿಲ್ಲ. ಆಮೇಲೆ ಮಾತು ಬಂತು, ಸಕ್ಕರೆ ಡಬ್ಬಿಯೂ ಬೀರುವಿನಿಂದ ಹೊರಬಂತು, ಆದರೆ ಅತ್ತೆ ರಕ್ತ ಕೊಡುವುದನ್ನೇ ನಿಲ್ಲಿಸಿದರು. ಬೇರೆ ಲ್ಯಾಬಿಗೆ ಹೋಗೋಣ ಎಂದರೆ, "ಅಲ್ಲೂ ನಿನ್ನಂಥೋಳು ಒಬ್ಳು ಕೂತಿರ್ತಾಳೆ" ಎಂದರು. ನಿಜವಾಗಿಯೂ ಕೂತಿರುತ್ತಾಳೆ.

ಎಂಟು ತಿಂಗಳು ಹೀಗೇ ಹೋಯಿತು. ಪಾದ ಜೋಮು ಹಿಡಿಯುತ್ತದೆ ಎನ್ನತೊಡಗಿದರು. ಹೆಬ್ಬೆರಳಿನ ಸಣ್ಣ ಗಾಯವೊಂದು ಒಂದು ತಿಂಗಳಾದರೂ ಮಾಯಲಿಲ್ಲ. ನನಗೆ ಭಯ ಶುರುವಾಯಿತು.

"ನಾನು ನೋಡಕ್ಕೇ ಆಗ್ದಿರೋ ಹಾಗೆ ಮಾಡಿದ್ರೆ ಟೆಸ್ಟ್ ಮಾಡಿಸ್ಕೋತೀರಾ?" ಎಂದು ಕೇಳಿದೆ.

"ಬೀಗಾನೂ ನಿಂದೇ, ಕೀನೂ ನಿಂದೇ. ಯಾರ್ ಕಿವಿಗೆ ಹೂ ಇಡ್ತೀಯ?"

ಮಾತು ಸರಿಯಾಗಿಯೇ ಇತ್ತು. ಸಾಮಾನ್ಯ ಸರ್ವರ್‌ನಲ್ಲಿ ಕಡತ ಯಾರದೋ ಅವರೇ ಅನುಮತಿ ಕೊಡುತ್ತಾರೆ, ನನ್ನಂಥ ಅಡ್ಮಿನ್ ಯಾರ ಅನುಮತಿಯನ್ನೂ ಕೇಳದೆ ಎಲ್ಲವನ್ನೂ ತೆರೆಯುತ್ತಾಳೆ. ಆದರೆ ಈ ಸರ್ವರ್‌ಗಳನ್ನು ನಡೆಸುವ ಲಿನಕ್ಸಿನಲ್ಲಿ ಇನ್ನೊಂದು ಕಾವಲಿದೆ. ಅದನ್ನು ಚಾಲೂ ಮಾಡಿದರೆ ಪ್ರತಿ ಕಡತಕ್ಕೂ ಒಂದು ಲೇಬಲ್, ಪ್ರತಿ ಪ್ರೋಗ್ರಾಮಿಗೂ ಒಂದು ಲೇಬಲ್. ಯಾವ ಲೇಬಲ್ಲಿನವರು ಯಾವ ಲೇಬಲ್ಲನ್ನು ಮುಟ್ಟಬಹುದು ಎಂದು ಪಾಲಿಸಿ ಎಂಬ ನಿಯಮಪಟ್ಟಿಯಲ್ಲಿ ಬರೆದಿರಬೇಕು. ಬರೆದಿಲ್ಲವೆಂದರೆ ಇಲ್ಲ, ನೀವು ಯಜಮಾನರೇ ಆಗಿರಿ, ಅಡ್ಮಿನ್ನೇ ಆಗಿರಿ. ನಾನು ವರ್ಷಗಳಿಂದ ಇದನ್ನು ಎಲ್ಲ ಸರ್ವರ್‌ಗಳಲ್ಲೂ ಮೊದಲ ದಿನವೇ ಆಫ್ ಮಾಡುತ್ತಿದ್ದೆ. ಎಲ್ಲರೂ ಮಾಡುತ್ತಾರೆ. ಮಾಡಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ.

ಲ್ಯಾಬಿನಲ್ಲಿ ರಿಪೋರ್ಟುಗಳನ್ನು ಜನರ ಫೋನಿಗೆ ಕಳಿಸುವುದು ಒಂದು ಡೀಮನ್. ಯಾರೂ ಕರೆಯದಿದ್ದರೂ ಹಿಂದೆ ನಿಂತು ಸದಾ ಕೆಲಸ ಮಾಡುತ್ತಿರುವ ಪ್ರೋಗ್ರಾಮಿಗೆ ಹಾಗೆನ್ನುತ್ತಾರೆ. ಮದುವೆಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಸೋದರಮಾವನಂತೆ. ನನ್ನ ಯೋಜನೆ ಸರಳವಾಗಿತ್ತು: ರಿಪೋರ್ಟಿನ ಲೇಬಲ್ ಇರುವ ಕಡತವನ್ನು ಆ ಡೀಮನ್ ಒಂದೇ ಮುಟ್ಟಬೇಕು. ನಾನೂ ಮುಟ್ಟಬಾರದು.

ಲ್ಯಾಬಿನ ಮಾಲೀಕರಾದ ಡಾಕ್ಟರಿಗೆ ಇದನ್ನು ವಿವರಿಸಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಶನಿವಾರ ಮಧ್ಯಾಹ್ನದ ಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ ಮೇಡಂ. ಭಾನುವಾರ ರಜಾ. ಸೋಮವಾರ ಹನ್ನೊಂದಕ್ಕೆ ರಿಪೋರ್ಟ್ ಹೋಗ್ಲಿಲ್ಲ ಅಂದ್ರೆ ನಿಮ್ ಸೆಕ್ಯೂರಿಟಿ ಎತ್ತಿ ಪಕ್ಕಕ್ಕಿಡ್ತೀವಿ, ಮತ್ತೆ ಆ ಮಾತು ಎತ್ತಬಾರ್ದು."

ಶನಿವಾರ ಸಂಜೆ ಕಾವಲು ಚಾಲೂ ಮಾಡಿದೆ. ಡೀಮನ್ ಎದ್ದು ನಿಂತಿತು, ಒಂದು ರಿಪೋರ್ಟನ್ನೂ ಓದಲಾಗದೆ ಕೈಚೆಲ್ಲಿತು. ಅನುಮತಿ ನಿರಾಕರಿಸಲಾಗಿದೆ. ಹಳೆಯ ಅಭ್ಯಾಸದಂತೆ ಎಲ್ಲರೂ ಓದಬಹುದು, ಬರೆಯಬಹುದು, ಬೇಕಾದರೆ ಮೇಲೆ ಕೂರಬಹುದು ಎಂಬಷ್ಟು ಅನುಮತಿ ಕೊಟ್ಟೆ. ನಿರಾಕರಿಸಲಾಗಿದೆ.

ಡೀಮನ್ ಬರೆದುಕೊಟ್ಟವನು ನನ್ನ ಕಾಲೇಜಿನ ಗೆಳೆಯ, ಸುದ್ದಗುಂಟೆಪಾಳ್ಯದಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ.

"ಆಫ್ ಮಾಡು ಮಗಾ, ಯಾಕ್ ತಲೆ ಕೆಡಿಸ್ಕೋತೀಯ?"

"ಆಫ್ ಮಾಡಕ್ಕಲ್ಲ ಕಣೋ ಇಷ್ಟೆಲ್ಲ ಮಾಡ್ತಿರೋದು."

"ಸರಿ, ಪರ್ಮಿಸಿವ್‌ಗೆ ಹಾಕು. ತಪ್ಪೆಲ್ಲ ಬರ್ಕೊಳ್ಳತ್ತೆ, ಯಾರನ್ನೂ ತಡೆಯಲ್ಲ."

"ಒನ್‌ವೇಯಲ್ಲಿ ಎದುರಿಂದ ಬರೋರನ್ನ ನೋಡಿ ತಲೆ ಅಲ್ಲಾಡಿಸ್ತಾ ನಿಂತಿರೋ ಅಂಕಲ್ ಥರ?"

"ಅದೇ! ಸಖತ್ ಹೇಳ್ದೆ. ಅಂಕಲ್‌ನ ನಿಲ್ಸು, ತಿಂಡಿ ತಿನ್ನು, ಮಲ್ಕೋ."

ಫೋನ್ ಇಟ್ಟು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಏನೇನು ನಿರಾಕರಣೆಯಾಗಿದೆ ಎಂದು ನೋಡಿ, ಅದಕ್ಕೆಲ್ಲ ಅನುಮತಿಯ ನಿಯಮವನ್ನು ತಾನೇ ಬರೆದುಕೊಡುವ ಒಂದು ಪರಿಕರವಿದೆ. ಅದನ್ನು ಓಡಿಸಿದೆ. ಅದು ಬರೆದುಕೊಟ್ಟ ನಿಯಮದ ಅರ್ಥ ಇಷ್ಟು: ಈ ಡೀಮನ್ ಬಳಕೆದಾರರ ಖಾಸಗಿ ಕಡತಗಳನ್ನೆಲ್ಲ ಓದಬಹುದು. ಒಂದು ಕ್ಷಣ, ಇರಲಿ ಬಿಡು, ನಡೆದರೆ ಸಾಕು ಎನಿಸಿತು. ಬೆರಳು ಎಂಟರ್ ಮೇಲೆ ಹೋಗಿತ್ತು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅತ್ತೆ ಮಡಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದರು. ಮಡಿ ಎಂದರೆ ಸ್ನಾನ ಮಾಡಿ, ಗಳದ ಮೇಲೆ ಬೇರೆಯೇ ಒಣಗಿಸಿದ ಸೀರೆ ಉಟ್ಟು, ಯಾರನ್ನೂ ಮುಟ್ಟದೆ ಇರುವುದು. ಉಪ್ಪಿನಕಾಯಿ ಜಾಡಿಯ ಹತ್ತಿರ ಮುಸುರೆ, ಅಂದರೆ ಅನ್ನ ಸಾರು ಸೋಕಿದ್ದು, ಸುಳಿಯುವಂತಿಲ್ಲ. ಸೌಟು ಬೇಕೆಂದು ಕೂಗಿದರು. ನಾನು ಪರದೆಯಿಂದ ಕಣ್ಣು ತೆಗೆಯದೆ ಮೇಜಿನ ಮೇಲಿದ್ದ ಹುಳಿಯ ಸೌಟನ್ನೇ ಎತ್ತಿ, ಹೋಗಿ, ಜಾಡಿಗಳ ಪಕ್ಕದ ಮಡಿ ಸೌಟುಗಳ ಜೊತೆ ಇಟ್ಟು ಬಂದೆ.

"ಅಯ್ಯೋ ಮಹರಾಯ್ತಿ! ಹುಳಿ ಸೌಟು ತಂದು ಇಲ್ಲಿಟ್ಟಿದ್ದೀಯಲ್ಲ!"

"ಮಡಿ ಸೌಟಿನ ಜೊತೇಲೇ ಇಟ್ಟಿದ್ದೀನಲ್ಲ ಅತ್ತೆ."

"ಜಾಗ ಬದಲಾಯಿಸಿದ್ರೆ ಮುಸುರೆ ಹೋಗತ್ತೇನೇ? ಎಲ್ಲಿಂದ ಬಂತೋ ಅಲ್ಲೀದು ಅದಕ್ಕೆ ಅಂಟ್ಕೊಂಡೇ ಇರತ್ತೆ. ತೊಳೆದು ತಾ!"

ಹೋಗಿ ಸೌಟು ಎತ್ತಿಕೊಂಡವಳು, ತೊಳೆಯದೆ, ಅದನ್ನು ಹಿಡಿದುಕೊಂಡೇ ಲ್ಯಾಪ್‌ಟಾಪಿನ ಮುಂದೆ ಓಡಿದೆ. ಸರ್ವರ್‌ನಲ್ಲಿ ನಾನು ಮಾಡಿದ್ದೂ ಅದನ್ನೇ. ಹೊಸ ಕಾವಲಿನಲ್ಲಿ ಡೀಮನ್ನನ್ನು ಪರೀಕ್ಷಿಸಲು ರಿಪೋರ್ಟುಗಳನ್ನೆಲ್ಲ ಮೊದಲು ನನ್ನ ಖಾಸಗಿ ಫೋಲ್ಡರಿಗೆ ಇಳಿಸಿಕೊಂಡಿದ್ದೆ. ಆಮೇಲೆ ಅಲ್ಲಿಂದ ಎತ್ತಿ ಸರಿಯಾದ ಜಾಗದಲ್ಲಿಟ್ಟೆ. ಎತ್ತಿಟ್ಟರೆ ಲೇಬಲ್ ಬದಲಾಗುವುದಿಲ್ಲ. ಕೂತದ್ದು ರಿಪೋರ್ಟಿನ ಜಾಗದಲ್ಲಿ, ಮೈಮೇಲೆ ಮಾತ್ರ ನನ್ನ ಫೋಲ್ಡರಿನ ಲೇಬಲ್. ಡೀಮನ್ ಅದನ್ನು ಮುಟ್ಟದೆ ಇದ್ದದ್ದೇ ಸರಿ. ನಾನು ಸೌಟು ತೊಳೆಯುವುದನ್ನು ಬಿಟ್ಟು, ಮುಸುರೆಯನ್ನೇ ಮಡಿ ಎಂದು ಕಾನೂನು ಮಾಡಲು ಹೊರಟಿದ್ದೆ.

ಜಾಗಕ್ಕೆ ತಕ್ಕ ಲೇಬಲ್ಲನ್ನು ಮತ್ತೆ ಹಾಕು ಎನ್ನಲು ಒಂದು ಸಾಲಿನ ಆಜ್ಞೆಯಿದೆ. ಹಾಕಿದೆ. ಪ್ರಯೋಗಕ್ಕಿಟ್ಟಿದ್ದ ರಿಪೋರ್ಟು ಟಿಂಗ್ ಎಂದು ನನ್ನ ಫೋನಿಗೆ ಬಂತು.

"ಸೌಟು ಎಲ್ಲೇ?" ಎಂಬ ಕೂಗೂ ಬಂತು.

ಮಡಿಯ ಮೇಲೆ ನನಗೆ ಹಠಾತ್ತನೆ ಭಕ್ತಿ ಬಂತೆಂದು ಯಾರೂ ತಿಳಿಯಬೇಡಿ. ಮದುವೆಯಾದ ಹೊಸತರಲ್ಲಿ ತಿಂಗಳಿಗೆ ಮೂರು ದಿನ ಅದೇ ನಿಯಮ ನನಗೂ ಲೇಬಲ್ ಅಂಟಿಸಿ ಹಿಂದಿನ ಕೋಣೆಯಲ್ಲಿ ಕೂರಿಸುತ್ತಿತ್ತು. ಆ ಸಿಟ್ಟು ಇನ್ನೂ ಇದೆ. ಅತ್ತೆಗೆ ಮಂಡಿ ಆಪರೇಷನ್ ಆದ ವರ್ಷ ಅಡುಗೆಗೆ ಬೇರೆ ಗತಿಯಿರಲಿಲ್ಲ, ಆ ನಿಯಮ ಮಾತ್ರ ಸದ್ದಿಲ್ಲದೆ ಮಾಯವಾಯಿತು. ದೇವರು ಬರೆದದ್ದು ಎನ್ನುತ್ತಿದ್ದ ಪಾಲಿಸಿಯನ್ನು ಒಂದು ಮಂಡಿ ತಿದ್ದಿತು. ಅದಕ್ಕೇ ಪಾಲಿಸಿಯನ್ನು ಬರೆಯುವ ಕೈ ಯಾವುದು ಎಂಬುದರ ಮೇಲೆ ನನಗೆ ಸದಾ ಒಂದು ಕಣ್ಣು.

ಇಲ್ಲಿ ಆ ಕೈ ನನ್ನದೇ. ಆದ್ದರಿಂದ ಸೋಮವಾರ ಹನ್ನೊಂದಕ್ಕೆ ರಿಪೋರ್ಟುಗಳು ಹೊರಟ ಮೇಲೆ ಡಾಕ್ಟರ ಕೋಣೆಗೆ ಹೋದೆ. ಡೀಮನ್ನನ್ನು ನಿಲ್ಲಿಸಬಹುದು, ಎಬ್ಬಿಸಬಹುದು, ರಿಪೋರ್ಟ್ ಮಾತ್ರ ಓದಲಾಗದು, ಅಷ್ಟಕ್ಕೆ ನನ್ನ ಲಾಗಿನ್ನನ್ನು ಇಳಿಸಿದ್ದೆ. ಪಾಲಿಸಿಯನ್ನು ಬದಲಾಯಿಸುವ ಲಾಗಿನ್ನಿಗೆ ನೀವೇ ಪಾಸ್‌ವರ್ಡ್ ಹಾಕಿ ಎಂದು ಡಾಕ್ಟರಿಗೆ ಹೇಳಿ ಗೋಡೆಯ ಕಡೆ ತಿರುಗಿ ನಿಂತೆ.

"ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ ಮೇಡಂ?"

"ಬರೆದು ಲಾಕರ್‌ನಲ್ಲಿಡಿ ಸಾರ್. ಏನೂ ಮಾಡ್ಬೇಡಿ."

ಡಾಕ್ಟರ ಹತ್ತಿರ ಕೀ ಇದೆ, ಬಾಗಿಲು ಯಾವುದೆಂದು ಗೊತ್ತಿಲ್ಲ. ನನಗೆ ಬಾಗಿಲು ಗೊತ್ತು, ಕೀ ಇಲ್ಲ. ಇದಕ್ಕಿಂತ ದೊಡ್ಡ ವ್ಯವಸ್ಥೆ ಜಗತ್ತಿನಲ್ಲಿ ಇರಬಹುದು, ನನ್ನ ಕೈಲಾದದ್ದು ಇಷ್ಟು.

ಮನೆಗೆ ಬಂದು ಅತ್ತೆಯ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಅವರ ಹಳೆಯ ಎಂಟೂವರೆಯ ರಿಪೋರ್ಟನ್ನೇ ತೆರೆಯಲು ಹೋದೆ. ನಿರಾಕರಿಸಲಾಗಿದೆ.

"ಇನ್ನೊಂದ್ಸಲ ಮಾಡು."

ಮಾಡಿದೆ. ನಿರಾಕರಿಸಲಾಗಿದೆ.

"ಗಟ್ಟಿಯಾಗಿ ಒತ್ತು."

ಗಟ್ಟಿಯಾಗಿ ಒತ್ತಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದರು. ನನಗೆ ಯಾರೋ ಇಲ್ಲ ಎನ್ನುವುದನ್ನು ನೋಡಿ ಅವರಿಗೆ ಅಷ್ಟು ಖುಷಿಯಾದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟು ತಿಂಗಳ ನಂತರ ಅತ್ತೆ ರಕ್ತ ಕೊಟ್ಟರು. ಮಧ್ಯಾಹ್ನ ಅವರ ಫೋನ್ ಟಿಂಗ್ ಎಂದಿತು. ನಾನು ಸೊಪ್ಪು ಬಿಡಿಸುವ ನಾಟಕ ಮಾಡುತ್ತಿದ್ದೆ. ಅತ್ತೆ ರಿಪೋರ್ಟು ತೆರೆದರು, ನೋಡಿದರು, ಮತ್ತೆ ನೋಡಿದರು, ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು.

"ಎಷ್ಟು ಬಂತು ಅತ್ತೆ?"

"ನಿನ್ನ ಕಂಪ್ಯೂಟರನ್ನೇ ಕೇಳ್ಕೋ, ಹೋಗು."

ಎದ್ದು ಹೋಗಿ ಕಾಫಿ ಬೆರೆಸಿದರು. ನಾನು ಬಗ್ಗಿ ನೋಡಿದೆ. ಮಾಮೂಲಿನಂತೆ ಒಂದು ಚಮಚ ಸಕ್ಕರೆ ಹಾಕಿದರು, ಎರಡನೆಯದನ್ನು ತುಂಬಿಸಿದರು, ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು, ಆಮೇಲೆ ಅದನ್ನು ವಾಪಸ್ ಡಬ್ಬಿಗೆ ಸುರಿದರು.

"ಫೂಟ್ ಡಾಕ್ಟ್ರ ಹತ್ರ ಯಾವಾಗ ಕರ್ಕೊಂಡು ಹೋಗ್ತೀಯ?" ಎಂದರು, ತಿರುಗಿ ನೋಡದೆ.