ಹತ್ತು ಗಂಟೆಗೆ ಕಾಕುವಿನ ಫೋನು

ಕಾಕುವಿನ ತಲೆಯ ಮೇಲೆ, ಬೈತಲೆಗೆ ಅಡ್ಡವಾಗಿ, ಈ ಕಿವಿಯಿಂದ ಆ ಕಿವಿಯ ತನಕ ಬೆರಳಗಲದ ಒಂದು ತಗ್ಗು ಇತ್ತು. ಎಣ್ಣೆ ಹಚ್ಚಿ ಎಷ್ಟೇ ಒಪ್ಪವಾಗಿ ಬಾಚಿದರೂ ಅಲ್ಲಿ ಮಾತ್ರ ಕೂದಲು ಅಂಟಿಕೊಂಡು ಮಲಗಿಬಿಡುತ್ತಿತ್ತು. ಮೊದಲ ಸಲ ನೋಡಿದಾಗ ಯಾವುದೋ ಹಳೆಯ ಪೆಟ್ಟಿರಬೇಕು ಎಂದುಕೊಂಡು ಕೇಳಲು ಹಿಂಜರಿದೆ. ನನ್ನ ಕಣ್ಣು ಎಲ್ಲಿದೆ ಎಂದು ಅವರಿಗೆ ಗೊತ್ತಾಯಿತು.

"ಇದು ಸರಕಾರ ತೊಡಿಸಿದ ಕಿರೀಟದ ಗುರ್ತು ನೋಡ್ರಿ. ಮೂವತ್ತಾರು ವರ್ಷ ಹೆಡ್‌ಫೋನ್ ಹಾಕ್ಕೊಂಡು ಕುಂತೇನಿ. ಪೆನ್ಶನ್ ಕೊಟ್ಟು ಕಿರೀಟ ಇಸಕೊಂಡ್ರು, ತಗ್ಗು ನನಗ ಬಿಟ್ರು," ಎಂದು ನಕ್ಕರು.

ಕಾಕು ಧಾರವಾಡದವರು. ರೈಲ್ವೆಯಲ್ಲಿದ್ದ ಗಂಡನ ಜೊತೆ ವಡೋದರಕ್ಕೆ ಬಂದು, ಅಲ್ಲಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ, ಅಂದರೆ ಪರವೂರಿನ ಕರೆಗಳನ್ನು ಜೋಡಿಸಿಕೊಡುವ ಕಚೇರಿಯಲ್ಲಿ, ಟೆಲಿಫೋನ್ ಆಪರೇಟರ್ ಆಗಿ ಸೇರಿದವರು. ಕೊನೆಗೆ ಅಹಮದಾಬಾದಿನಲ್ಲಿ ನಿವೃತ್ತರಾಗಿ, ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನೆಲಮಹಡಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ನಾನು ಹಾಸನದ ಕಡೆಯವನು, ನಮ್ಮಲ್ಲಿ ಚಿಕ್ಕಮ್ಮ ಎನ್ನುತ್ತೇವೆ, ಯಾರನ್ನೂ ಕಾಕು ಎನ್ನುವುದಿಲ್ಲ. ಆದರೆ ಇಲ್ಲಿನ ಕನ್ನಡದವರೆಲ್ಲ ಹಾಗೆನ್ನುತ್ತಿದ್ದರು, ನಾನೂ ಅಂದೆ. ಸೊಸೈಟಿಯ ಗುಜರಾತಿ ಮಕ್ಕಳಿಗೆ ಅವರು 'ಟೆಲಿಫೋನ್ ಬಾ', ಅಂದರೆ ಟೆಲಿಫೋನ್ ಅಜ್ಜಿ.

ಬ್ಯಾಂಕಿನವನಾದ ನಾನು ಸೂರತ್ತಿನಿಂದ ವರ್ಗವಾಗಿ ಬಂದು ಮೂರನೆಯ ಮಹಡಿಯಲ್ಲಿ ಮನೆ ಮಾಡಿದ ವಾರದಲ್ಲೇ ಕಾಕು ನನ್ನ ನಂಬರು ಬರೆದುಕೊಂಡರು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಬ್ಯಾಂಕಿನ ಬಾಗಿಲು ತೆರೆದು ಜನ ನುಗ್ಗುವ ಹೊತ್ತಿಗೆ ಸರಿಯಾಗಿ, ಫೋನು ಬಂತು.

"ಲೈನ್ ಚೊಲೋ ಐತಿ?"

"ಇದೆ ಕಾಕು. ಏನಾಗಬೇಕಿತ್ತು?"

"ಏನಿಲ್ಲ," ಎಂದು ಇಟ್ಟೇಬಿಟ್ಟರು.

ಇದು ದಿನಾ ನಡೆಯುವ ಸಂಗತಿ ಎಂದು ಆಮೇಲೆ ತಿಳಿಯಿತು. ಎಕ್ಸ್‌ಚೇಂಜಿನಲ್ಲಿ ಬೆಳಗಿನ ಪಾಳಿಯವರು ಆನಂದ್, ಭರೂಚ್, ಸೂರತ್ ಎಂದು ಒಂದೊಂದೇ ಊರಿನ ಲೈನಿಗೆ ಕರೆ ಕೊಟ್ಟು, ಜೀವ ಇದೆಯೇ ಎಂದು ನೋಡಿಯೇ ಬೇರೆ ಕೆಲಸ ಶುರು ಮಾಡುತ್ತಿದ್ದರಂತೆ. ಎಕ್ಸ್‌ಚೇಂಜು ಹೋಯಿತು, ಟ್ರಂಕ್ ಕಾಲೂ ಹೋಯಿತು, ಕಾಕು ಮಾತ್ರ ಪಾಳಿ ಬಿಡಲಿಲ್ಲ. ಊರಿನ ಬದಲು ಮನೆಗಳನ್ನು ಹಿಡಿದರು. ಅವರ ಪುಸ್ತಕದಲ್ಲಿ ಒಂಬತ್ತು ಮನೆಗಳ ನಂಬರಿದ್ದವು: ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದವರು, ಉಡುಪಿ ಹೋಟೆಲಿನ ಎರಡು ಕುಟುಂಬಗಳು. ನನಗೆ ಇದು ದೊಡ್ಡ ಕಿರಿಕಿರಿ. "ಕಾಕು, ಭಾನುವಾರವಾದ್ರೂ ರಜ ತಗೊಳ್ಳಿ," ಎಂದು ಒಮ್ಮೆ ಅಂದದ್ದೂ ಉಂಟು. "ಭಾನುವಾರ ಲೈನ್ ಕೆಡೂದಿಲ್ಲೇನ್ರಿ?" ಎಂದರು.

ಸಂಜೆ ಹೊತ್ತು ಅವರ ಮನೆಯ ಮುಂದಿನ ಬೆಂಚಿನಲ್ಲಿ ಕೂತರೆ ಎಕ್ಸ್‌ಚೇಂಜಿನ ಕತೆಗಳು. ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕ. ಮೂರು ನಿಮಿಷವಾದ ಕೂಡಲೇ ಆಪರೇಟರು ನಡುವೆ ಬಂದು "ತ್ರೀ ಮಿನಿಟ್ಸ್ ಓವರ್" ಎನ್ನಬೇಕು. ಅಳುತ್ತಿದ್ದವರಿಗೂ ಅನ್ನಬೇಕು, ಜಗಳವಾಡುತ್ತಿದ್ದವರಿಗೂ ಅನ್ನಬೇಕು. ಹಾಗಾಗಿ ಊರವರ ಗುಟ್ಟೆಲ್ಲ ಅವರ ಕಿವಿಗೆ ಬಿದ್ದಿತ್ತು. ಒಂದೇ ಒಂದನ್ನಾದರೂ ಹೇಳಿಸಬೇಕೆಂದು ನಾನು ಪಟ್ಟ ಪ್ರಯತ್ನ ಅಷ್ಟಿಷ್ಟಲ್ಲ. "ಕಿವಿಗೆ ಬಂದದ್ದು ಕಿವಿಯೊಳಗ ಸಾಯಬೇಕು. ನೌಕರಿಗೆ ಸೇರೂ ಮುಂದ ಹಂಗಂತ ಆಣಿ ಮಾಡೇವಿ," ಎಂದು ಬಾಯಿ ಮುಚ್ಚಿಬಿಡುತ್ತಿದ್ದರು.

ಅವರು ಹೇಳಿದ ಒಂದು ಕತೆ ಮಾತ್ರ ಇಲ್ಲಿ ಹೇಳಬೇಕು. ಒಂದು ಮಧ್ಯಾಹ್ನ ಯಾರೋ ಲೈನಿಗೆ ಬಂದು, ತಾನು ದೊಡ್ಡ ಸರಕಾರಿ ಕಚೇರಿಯ ಸಾಹೇಬ, ಮುಂಬಯಿ ಲೈನು ಈ ಕ್ಷಣವೇ ಬೇಕು ಎಂದು ಗುಡುಗಿದನಂತೆ. ಆ ಲೈನಿನಲ್ಲಿ ಆಗ ಒಬ್ಬ ತಾಯಿ ಆಸ್ಪತ್ರೆಯಲ್ಲಿದ್ದ ಮಗನ ಜೊತೆ ಮಾತನಾಡುತ್ತಿದ್ದಳು. ಅಂಥ ಸಾಹೇಬರು ಕೇಳಿದರೆ ಅವಳ ಕರೆ ಕಡಿದು ಕೊಡಬೇಕಾಗಿತ್ತು. ಕಾಕು ಆಗಿನ್ನೂ ಹೊಸಬರು. ಆದರೂ "ಇಡ್ರಿ ಸಾಹೇಬ್ರ, ನಾನೇ ತಿರುಗಿ ಹಚ್ಚತೀನಿ" ಎಂದು ಇಟ್ಟು, ರಿಜಿಸ್ಟರಿನಲ್ಲಿದ್ದ ಆ ಕಚೇರಿಯ ನಂಬರಿಗೆ ತಾವೇ ಫೋನು ಹಚ್ಚಿದರು. ಅಲ್ಲಿ ಯಾರೂ ಯಾವ ಲೈನೂ ಕೇಳಿರಲಿಲ್ಲ. ಆಮೇಲೊಂದು ಸಲ ನಿಜವಾದ ಸಾಹೇಬರೊಬ್ಬರಿಗೂ ಹೀಗೇ ಇಟ್ಟು ತಿರುಗಿ ಮಾಡಿದಾಗ, ಅವರು "ಶಾಭಾಸ್ ಬೆನ್", ಅಂದರೆ ಭೇಷ್ ತಂಗಿ, ಎಂದರಂತೆ.

"ಖರೇ ಇದ್ದಾವ ನೀವು ತಿರುಗಿ ಹಚ್ಚಿದ್ರ ಸಿಟ್ಟಾಗೂದಿಲ್ರಿ. ಸಿಟ್ಟಿಗೆದ್ದ ಅಂದ್ರ ಅಲ್ಲೇ ತಿಳ್ಕೋಬೇಕು," ಇದು ಅವರ ತೀರ್ಮಾನ.

ಕತೆ ಚೆನ್ನಾಗಿದೆ ಎಂದು ಕೇಳಿ ಎದ್ದುಬಂದೆ. ಅದು ನನಗಾಗಿ ಹೇಳಿದ್ದು ಎಂದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಸೈಬರ್ ಮೋಸದ ವಿಷಯದಲ್ಲಿ ನಾನೇ ಪಂಡಿತ. ನಿವೃತ್ತಿಗೆ ಮುಂಚಿನ ವರ್ಷ ನಮ್ಮ ಬ್ಯಾಂಕಿನಲ್ಲಿ ಗಿರಾಕಿಗಳಿಗಾಗಿ ಜಾಗೃತಿ ಸಪ್ತಾಹ ನಡೆದಾಗ ಮುಕ್ಕಾಲು ಗಂಟೆ ಭಾಷಣ ಬಿಗಿದವನು ನಾನು. ಓಟಿಪಿ ಕೊಡಬೇಡಿ, ಗೊತ್ತಿಲ್ಲದ ಲಿಂಕು ಒತ್ತಬೇಡಿ, ಫೋನಿನಲ್ಲಿ ಪೊಲೀಸ್ ಎಂದರೆ ಹೆದರಬೇಡಿ ಎಂದು ಕೈಯಾಡಿಸಿ ಹೇಳಿದ್ದೆ. ಕಾಕು ಮೊದಲ ಸಾಲಿನಲ್ಲಿ ಕೂತು ತಲೆ ಎಡಕ್ಕೆ ವಾಲಿಸಿ ಪೂರ್ತಿ ಕೇಳಿದರು. ಆಮೇಲೆ ಸಮೋಸ ತಿನ್ನುತ್ತ ಹತ್ತಿರ ಬಂದರು.

"ಭಾಷಣ ಚೊಲೋ ಇತ್ತು ಮ್ಯಾನೇಜರ್ ಸಾಹೇಬ್ರ. ಆದ್ರ ಅಂಜಿಕಿ ಬಂದಾಗ ಭಾಷಣ ನೆನಪಾಗೂದಿಲ್ಲ. ರೂಢಿ ಇದ್ರ ಅಷ್ಟ ಕೈ ಹಿಡೀತೈತಿ."

ವಯಸ್ಸಾದವರ ಮಾತು ಎಂದು ನಗುತ್ತ ತಲೆಯಾಡಿಸಿದೆ.

ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಹೆಂಡತಿ ಮಗಳ ಬಾಣಂತನಕ್ಕೆ ವಡೋದರಕ್ಕೆ ಹೋಗಿದ್ದಳು. ಒಂದು ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ನಿಮ್ಮ ಆಧಾರ್ ಪ್ರತಿ ಕೊಟ್ಟು ಸೂರತ್ತಿನ ಸಚಿನ್ ಬಡಾವಣೆಯಲ್ಲಿ ಸಿಮ್ ಪಡೆದಿದ್ದಾರೆ, ಅದರಿಂದ ಹೆಣ್ಣುಮಕ್ಕಳಿಗೆ ಕೊಳಕು ಸಂದೇಶಗಳು ಹೋಗಿವೆ, ನಿಮ್ಮ ಮೇಲೆ ಕೇಸಾಗಿದೆ ಎಂದರು. ಇದೇ ನನ್ನನ್ನು ಕೆಡವಿದ್ದು. ಸೂರತ್ತಿನಲ್ಲಿದ್ದಾಗ ನಾನು ಸಚಿನ್‌ನಲ್ಲೇ ಬಾಡಿಗೆಗಿದ್ದೆ. ಮನೆ ಮಾಲೀಕ, ಗ್ಯಾಸಿನವನು, ಸಿಮ್ ಅಂಗಡಿಯವನು, ಕೇಳಿದವರಿಗೆಲ್ಲ ಆಧಾರ್ ಜೆರಾಕ್ಸನ್ನು ಕಡಲೆಪುರಿಯಂತೆ ಹಂಚಿದ್ದೆ.

ಕರೆ ವಿಡಿಯೊಗೆ ತಿರುಗಿತು. ತೆರೆಯ ಮೇಲೆ ಯೂನಿಫಾರ್ಮಿನ ಆಸಾಮಿ, ಅವನ ಹಿಂದೆ ಧ್ವಜ, ಮೇಜಿನ ಮೇಲೆ ಫೈಲು. "ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ. ಹೆಂಡತಿಗೂ ಹೇಳುವಂತಿಲ್ಲ. ಹೇಳಿದರೆ ಪೆನ್ಶನ್ ನಿಲ್ಲುತ್ತದೆ," ಎಂದ. ಆಮೇಲೆ 'ಹಿರಿಯ ಅಧಿಕಾರಿ' ತೆರೆಗೆ ಬಂದಾಗ ನಾನು ಎದ್ದು ನಿಂತೆ! ಮೇಲೆ ಅವಸರದಲ್ಲಿ ಹಾಕಿಕೊಂಡ ಇಸ್ತ್ರಿ ಶರ್ಟು, ಕೆಳಗೆ ಲುಂಗಿ. ಮೂವತ್ತನಾಲ್ಕು ವರ್ಷ ಮೇಲಿನವರು ಬಂದಾಗ ಎದ್ದು ನಿಂತು "ಸರ್" ಎಂದ ದೇಹ ಅದು. ಕಾಕು ಹೇಳಿದ ಹಾಗೆ ರೂಢಿ ಕೈ ಹಿಡಿದಿತ್ತು, ತಪ್ಪು ರೂಢಿ. ಒಂದು ಲೋಟ ನೀರು ಕುಡಿಯಲೂ ಆ ಕಳ್ಳನ ಅಪ್ಪಣೆ ಕೇಳಿದೆ.

ನಿವೃತ್ತಿಯಿಂದ ಬಂದ ಹಣವಷ್ಟನ್ನೂ ಅವರು ಹೇಳಿದ 'ತನಿಖಾ ಖಾತೆ'ಗೆ ಹಾಕಬೇಕು, ಪರಿಶೀಲಿಸಿ ಸಂಜೆಗೆ ವಾಪಸು ಎಂದ. ಅಂಥ ಖಾತೆ ಈ ಭೂಮಿಯ ಮೇಲೆ ಇಲ್ಲವೆಂದು ಗಿರಾಕಿಗಳಿಗೆ ಸಾರಿದವನು ನಾನೇ. ಈಗ ಲ್ಯಾಪ್‌ಟಾಪ್ ತೆರೆದು, ಕನ್ನಡಕ ಒರೆಸಿಕೊಂಡು, ಅವನು ಹೇಳಿದ ಅಂಕಿಗಳನ್ನು ಒಂದೊಂದಾಗಿ ಒತ್ತತೊಡಗಿದೆ. ಹಣಕ್ಕಿಂತ ಹೆಚ್ಚಿಗೆ ಕಾಡಿದ್ದು ಹೊಸದಾಗಿ ತಾಯಿಯಾದ ಮಗಳ ಕಿವಿಗೆ ಅಪ್ಪನ ಮೇಲೆ ಇಂಥ ಕೇಸಿದೆ ಎಂಬ ಮಾತು ಬೀಳುತ್ತದಲ್ಲ ಎಂಬ ಭಯ.

ಆಗ ಹತ್ತು ಗಂಟೆಯಾಯಿತು. ತೆರೆಯ ಮೇಲೆ ಕಾಕುವಿನ ಹೆಸರು ಮೂಡಿತು.

"ಕಟ್ ಮಾಡಿ," ಎಂದ ಅಧಿಕಾರಿ. ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ.

ಹತ್ತು ನಿಮಿಷವಾಗಿರಬೇಕು, ಹಣ ಕಳಿಸುವ ಕೊನೆಯ ಗುಂಡಿ ಒತ್ತುವ ಮೊದಲೇ ಬಾಗಿಲು ಬಡಿದ ಸದ್ದು. ಲಿಫ್ಟು ಕೆಟ್ಟಿದ್ದ ದಿನ ಅದು. ಮೊಣಕಾಲು ನೋವಿನ ಕಾಕು ಮೂರು ಮಹಡಿ ಹತ್ತಿ ಬಂದು ಗೋಡೆ ಹಿಡಿದು ನಿಂತಿದ್ದರು. 'ಒಂದು ನಿಮಿಷದಲ್ಲಿ ಸಾಗಹಾಕಿ' ಎಂಬ ಅಪ್ಪಣೆ ಪಡೆದು ನಾನು ಬಾಗಿಲನ್ನು ಅಂಗೈಯಗಲ ತೆರೆದೆ.

"ಎರಡು ಸಲ ಕಟ್ ಆತು. ಲೈನ್‌ದಾಗ ಏನರೆ ತೊಂದ್ರಿ ಐತೇನ್ರಿ?"

"ಏನಿಲ್ಲ ಕಾಕು, ಮೀಟಿಂಗ್‌ನಲ್ಲಿದೀನಿ," ಎಂದು ಪಿಸುಗುಟ್ಟಿದೆ.

ಮೂರು ಮನೆಗೆ ಕೇಳುವಂತೆ ಮಾತನಾಡುವವನು ನಾನು. ಕಾಕು ನನ್ನ ಶರ್ಟು ನೋಡಿದರು, ಲುಂಗಿ ನೋಡಿದರು, ಬಾಗಿಲು ಹಿಡಿದ ಕೈ ನೋಡಿದರು.

"ಲೈನ್ ಹಿಡಿದಾವ ಯಾಂವ?"

"ದೊಡ್ಡ ಸಾಹೇಬ್ರು ಕಾಕು. ದಯವಿಟ್ಟು ಹೋಗಿ."

ಅವರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದ ಫೋನಿನ ಮುಂದೆ ಬಗ್ಗಿ, ತಲೆ ಎಡಕ್ಕೆ ವಾಲಿಸಿದರು. ನಾನು ಯಾವತ್ತೂ ಕೇಳಿರದ, ತಣ್ಣನೆಯ, ಸರಕಾರಿ ಇಂಗ್ಲಿಷ್ ದನಿ ಅವರ ಗಂಟಲಿನಿಂದ ಹೊರಟಿತು.

"ತ್ರೀ ಮಿನಿಟ್ಸ್ ಓವರ್, ಸರ್. ಯುವರ್ ಆಫೀಸ್ ನಂಬರ್ ಪ್ಲೀಸ್. ವಿ ವಿಲ್ ಕಾಲ್ ಯು ಬ್ಯಾಕ್."

ಅತ್ತಲಿಂದ ಕಿರುಚಾಟ: ಮುದುಕಿ, ನಿನ್ನನ್ನೂ ಒಳಗೆ ಹಾಕುತ್ತೇನೆ, ಜೀಪು ಹೊರಟಿದೆ. ಕಾಕು ಇನ್ನೊಮ್ಮೆ, ಅದೇ ದನಿಯಲ್ಲಿ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ, "ಆಫೀಸ್ ನಂಬರ್ ಪ್ಲೀಸ್" ಎಂದರು. ಅವನು ಬೈಗುಳಕ್ಕೆ ಇಳಿದ. ಕಾಕು ಕರೆ ಕಡಿದರು.

"ಕಾಕು! ಅರೆಸ್ಟ್ ಮಾಡ್ತಾರೆ ನನ್ನ!" ನಾನು ಹೆಚ್ಚುಕಡಿಮೆ ಕೂಗಿದೆ.

"ಮಾಡ್ಲಿ. ಅರೆಸ್ಟ್ ಮಾಡಾವ ಬಾಗಿಲಿಗೆ ಬರಬೇಕು, ಕಾಗದ ತೋರಿಸಬೇಕು. ಬಂದ್ರ ಚಹಾ ಕುಡಿಸೂಣು. ಏ ತಮ್ಮಾ, ಮೊದಲ ಕುಂದರು ನೀ."

ಅಲ್ಲಿಯವರೆಗೆ ಮ್ಯಾನೇಜರ್ ಸಾಹೇಬನಾಗಿದ್ದವನು ಆ ಗಳಿಗೆಯಲ್ಲಿ ತಮ್ಮನಾದೆ. ಕೂತೆ. ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಅದನ್ನು ಮುಟ್ಟಲು ಬಿಡಲಿಲ್ಲ. ಸೊಂಟದ ಸಂಚಿಯಿಂದ ತಮ್ಮ ಗುಂಡಿಯ ಫೋನನ್ನೂ ನಂಬರಿನ ಪುಸ್ತಕವನ್ನೂ ತೆಗೆದು ನಮ್ಮ ಪೊಲೀಸ್ ಠಾಣೆಗೆ ಹಚ್ಚಿದರು. ಸೊಸೈಟಿಯ ಗೇಟಿನ ಬೋರ್ಡಿನಿಂದ ಆ ನಂಬರನ್ನು ಯಾವತ್ತೋ ಬರೆದಿಟ್ಟುಕೊಂಡಿದ್ದರು. ಠಾಣೆಯ ಹುಡುಗಿಯೊಬ್ಬಳು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡಳು. ಕಾಕು ಫೋನನ್ನು ನನ್ನ ಕಿವಿಗೆ ಹಿಡಿದರು. "ವಿಡಿಯೊ ಮೇಲೆ ಅರೆಸ್ಟ್ ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಮೂಕಿ ದೋ, ಕಾಕಾ," ಎಂದಳು. ಫೋನು ಇಟ್ಟುಬಿಡಿ ಎನ್ನುವ ಆ ಗುಜರಾತಿ ಮಾತು ಕೇಳಿದ್ದೇ ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಲುಂಗಿಯ ಅಂಚಿನಿಂದ ಮುಖ ಒರೆಸಿಕೊಂಡು ಬಿಕ್ಕಿದೆ. ಕಾಕು ನನ್ನ ಕಡೆ ನೋಡದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.

ದೂರು ಕೊಡುವುದು ಬೇಡ, ಹಣವೇನೂ ಹೋಗಲಿಲ್ಲವಲ್ಲ ಎಂದೆ. ನಿಜವಾಗಿ ನಾಚಿಕೆ. "ನೀವು ಸುಮ್ಮನಾದ್ರ ನಾಳೆ ಅಂವ ಇನ್ನೊಬ್ಬರ ಮನಿ ಲೈನ್ ಹಿಡೀತಾನ," ಎಂದು ಆಟೊ ಹತ್ತಿಸಿ ಠಾಣೆಗೆ ಕರೆದೊಯ್ದರು. ಅಲ್ಲಿ ನಾನು ಬರೆಯುತ್ತಿದ್ದರೆ ಪಕ್ಕದ ಬೆಂಚಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ವಾಪಸು ಬರುವಾಗ, ನಾನು ಕೇಳುವ ಮೊದಲೇ ಅಂದರು: "ಇವತ್ತ ನಿಮ್ಮ ಲೈನ್‌ದಾಗ ಏನ್ ಮಾತಾತೋ, ನನಗಂತೂ ಕೇಳಿಲ್ರಿ."

ಆ ಮಾತಿಗೆ ಅವರು ತಪ್ಪಲಿಲ್ಲ. ನನ್ನ ಹೆಂಡತಿ ಬಂದ ಮೇಲೆ ದಿನಾ ಎದುರುಬದುರು ಕೂತು ಮಾತನಾಡಿದರೂ ಸುಳಿವು ಕೊಡಲಿಲ್ಲ. ತಿಂಗಳಾದ ಮೇಲೆ ನಾನೇ ಅವಳಿಗೆ ಹೇಳಿದೆ. ಒಮ್ಮೆ ಹೇಳಿದ ಮೇಲೆ ಧೈರ್ಯ ಬಂತು. ಆ ವರ್ಷದ ರಾಜ್ಯೋತ್ಸವಕ್ಕೆ ಕನ್ನಡದವರೆಲ್ಲ ಸೇರಿದಾಗ ವೇದಿಕೆ ಹತ್ತಿ, ಲುಂಗಿಯನ್ನೂ ಬಿಡದೆ, ಎಲ್ಲ ಹೇಳಿದೆ. ಜನ ನಕ್ಕರು. ಆಮೇಲೆ ಇಬ್ಬರು ಮೂಲೆಗೆ ಕರೆದು, ತಮಗೂ ಹೀಗೇ ಆಗಿತ್ತು, ಮನೆಯಲ್ಲಿ ಹೇಳಿಲ್ಲ ಎಂದರು. ಕಾಕು ಕೊನೆಯ ಸಾಲಿನಿಂದ ಎದ್ದು ಬಂದರು.

"ಮೊದಲಿನ ಭಾಷಣಕಿಂತ ಇದು ಚೊಲೋ ಇತ್ತು."

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹತ್ತಾಯಿತು, ಫೋನು ಬರಲಿಲ್ಲ. ಹತ್ತೂ ಐದಾಯಿತು. ನಾನೇ ಎರಡು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ಕೆಳಗೆ ಓಡಿದೆ. ಅವರ ಮಗ ಬಾಗಿಲಲ್ಲೇ ನಿಂತಿದ್ದ. ಬೆಳಗಿನ ಚಹಾ ಕುಡಿದು ಹಾಗೇ ಕುರ್ಚಿಗೆ ಒರಗಿದವರು ಏಳಲಿಲ್ಲವಂತೆ. ತಲೆ ಎಡಕ್ಕೇ ವಾಲಿತ್ತು. ಸೊಸೆ ಅವರ ಕೂದಲು ಬಾಚಿದಳು. ಆ ತಗ್ಗು ಹಾಗೇ ಉಳಿದಿತ್ತು. ನನ್ನ ಸ್ವಂತ ಅಕ್ಕ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಅವರ ಮಗನಿಂದ ನಂಬರಿನ ಪುಸ್ತಕ ಕೇಳಿ ಪಡೆದೆ. ಮರುದಿನ ಹತ್ತು ಗಂಟೆಗೆ ಮೊದಲ ನಂಬರಿಗೆ ಹಚ್ಚಿದೆ. ಉಡುಪಿ ಹೋಟೆಲಿನವರ ಮನೆ. ಎತ್ತಿದ್ದು ಕುಂದಾಪುರದ ಕಡೆಯ ವಯಸ್ಸಾದ ಅಮ್ಮ. ಕಾರ್ಯಕ್ರಮಗಳಲ್ಲಿ ಮುಖ ನೋಡಿ ನಕ್ಕಿದ್ದೆವೇ ಹೊರತು ಮಾತನಾಡಿರಲಿಲ್ಲ.

"ಅಮ್ಮಾ, ಲೈನ್ ಚೆನ್ನಾಗಿದೆಯಾ?" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ನೀವ್ ಯಾರ್ ಮಾತಾಡುದ್?"

ಹೆಸರು ಹೇಳಿದೆ, ಕಾಕುವಿನ ಸೊಸೈಟಿಯವನು ಎಂದೂ ಹೇಳಿದೆ.

"ಇಡಿ ಕಾಂಬ. ನಾನೇ ತಿರ್ಗಿ ಮಾಡ್ತೆ," ಎಂದು ಮುಖಕ್ಕೆ ಹೊಡೆದಂತೆ ಇಟ್ಟುಬಿಟ್ಟರು.

ಫೋನು ಹಿಡಿದು ಕೂತೆ. ಎರಡು ನಿಮಿಷದ ಮೇಲೆ ಅದು ರಿಂಗಾಯಿತು.

"ಕನ್ನಡ ಸಂಘದ ಪುಸ್ತಕ್ದಗೆ ನಿಮ್ಮ ನಂಬ್ರ ಕಂಡ್ ಮಾಡ್ದೆ. ಬೇಜಾರ್ ಮಾಡ್ಕಣ್ಬೇಡಿ, ಕಾಕು ಹೇಳಿಕೊಟ್ಟದ್. ಲೈನ್ ಲಾಯ್ಕ್ ಇತ್ತ್."

"ಬೇಜಾರಿಲ್ಲ ಅಮ್ಮ," ಎಂದೆ. ಅವರು ಇಟ್ಟರು. ನಾನು ಕಣ್ಣೊರೆಸಿಕೊಂಡು ಎರಡನೆಯ ನಂಬರು ಒತ್ತಿದೆ.