ಬಾಯಿ ಕಟ್ಟಬೇಕು ಎಂದವಳು

ಆಂಟಿ, ಅಂಕಲ್‌ಗೆ ನಾನು ಕೊಟ್ಟ ಇನ್ಸುಲಿನ್ ಕೆಟ್ಟಿತ್ತು. ಕೆಟ್ಟಿದೆ ಎಂದು ಗೊತ್ತಿದ್ದೇ ಕೊಟ್ಟೆ. ಅವರ ಶುಗರ್ ಏರಿದ್ದು ಅದರಿಂದ — ನೀವು ಅಂದುಕೊಂಡ ಹಾಗೆ ಅವರು ಸಿಹಿ ಕದ್ದು ತಿಂದದ್ದರಿಂದ ಅಲ್ಲ. ಇಷ್ಟು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ನಿಮಗೆ ಬಿಪಿ ಮಾತ್ರೆ ಕೊಡುತ್ತಿದ್ದೇನೆ, ಊಟ ಆಯ್ತಾ ಆಂಟಿ ಎಂದು ಬೇರೆ ಕೇಳುತ್ತಿದ್ದೇನೆ. ನನ್ನ ನಾಲಿಗೆಗೆ ಏನು ಹೇಳಬೇಕೋ —

ಆಗ ನಾನು ತ್ಯಾಗರಾಜನಗರದ ಈ ಮೆಡಿಕಲ್ ಶಾಪಿಗೆ ಹೊಸದಾಗಿ ಸೇರಿ ಕೆಲಸ ಕಲಿಯುತ್ತಿದ್ದೆ. ಸಾರಕ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಡಾಕ್ಟರ ಚೀಟಿ ಓದುವುದು, ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ತಾರೀಕಿನ ತುದಿಯನ್ನು ಉಳಿಸಿಕೊಳ್ಳುವುದು, ವಯಸ್ಸಾದವರ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ದೊಡ್ಡದಾಗಿ ಬರೆಯುವುದು — ಎಲ್ಲ ಕಲಿಸಿದವರು ನಮ್ಮ ಫಾರ್ಮಸಿಸ್ಟ್ ಶಿವಣ್ಣ ಸರ್. ಫ್ರಿಡ್ಜಿನ ಪಾಠವನ್ನಂತೂ ಮೊದಲ ವಾರವೇ ಹೇಳಿದ್ದರು. ಇನ್ಸುಲಿನ್ ತಣ್ಣಗಿರಬೇಕು, ಆದರೆ ಐಸ್ ಕಟ್ಟಬಾರದು. ಒಂದು ಸಲ ಕಟ್ಟಿತೆಂದರೆ ಕರಗಿದ ಮೇಲೂ ಅದನ್ನು ನಂಬುವ ಹಾಗಿಲ್ಲ, ನೋಡಲು ಹಾಗೆಯೇ ಕಂಡರೂ ಎಸೆಯಬೇಕು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಾನು ಯಾವಾಗಲೂ ಫಸ್ಟ್ ಕ್ಲಾಸ್.

ಅಂಕಲ್‌ಗೆಂದೇ ತರಿಸಿದ ಎರಡು ಬಾಟಲಿ ಬಂದದ್ದು ಒಂದು ಶನಿವಾರ ಸಂಜೆ. ಕೌಂಟರಿನಲ್ಲಿ ಜನ ಮುಗಿಬಿದ್ದಿದ್ದರು, ಫ್ರಿಡ್ಜಿನೊಳಗೆ ಜಾಗವಿರಲಿಲ್ಲ. ಆಮೇಲೆ ತೆಗೆದಿಟ್ಟರಾಯಿತು ಎಂದು ಮೇಲಿನ ಫ್ರೀಜರಿಗೆ ತುರುಕಿದೆ. ಆ ಆಮೇಲೆ ಬರಲೇ ಇಲ್ಲ. ಭಾನುವಾರ ಅಂಗಡಿಗೆ ರಜೆ. ಸೋಮವಾರ ಬೆಳಿಗ್ಗೆ ಫ್ರೀಜರ್ ತೆಗೆದರೆ — ಎರಡೂ ಕಲ್ಲಿನ ಹಾಗಿದ್ದವು. ಅಂಗೈಯಲ್ಲಿ ಹಿಡಿದು ಕರಗಿಸಿ, ದುಪಟ್ಟಾದಲ್ಲಿ ಒರೆಸಿ, ಕೆಳಗೆ ಉಳಿದವುಗಳ ಪಕ್ಕ ಜೋಡಿಸಿಟ್ಟೆ. ಹೇಳಿದ್ದರೆ ಏನಾಗುತ್ತಿತ್ತು? ಶಿವಣ್ಣ ಸರ್ ನಾಲ್ಕು ಮಾತು ಬೈಯುತ್ತಿದ್ದರು. ಆ ನಾಲ್ಕು ಮಾತಿಗೆ ಹೆದರಿದೆ — ಕೆಲಸಕ್ಕೆ ಬಾರದವಳು ಎನಿಸಿಕೊಳ್ಳಲು ಹೆದರಿದೆ.

ಅದೇ ದಿನ ಅಂಕಲ್ ಬಂದರು. ಒಂದು ಬಾಟಲಿ ಅವರ ಕೈಗಿಟ್ಟೆ. ಇರಲಿ, ಸ್ವಲ್ಪವಾದರೂ ಕೆಲಸ ಮಾಡೀತು ಎಂದುಕೊಂಡೆ. ಯಾರಿಗೆ ಹೇಳಿಕೊಂಡ ಸಮಾಧಾನವೋ ಅದು.

ಶುಗರ್ ಏರಿತು. ಡಾಕ್ಟರು ಊಟದ ಬಗ್ಗೆ ಕೇಳಿದರು. ನೀವು ಹುಡುಕಲು ಶುರುಮಾಡಿದಿರಿ — ಅಂಗಿಯ ಜೇಬು, ದಿಂಬಿನ ಕೆಳಗೆ. ವಾಕಿಂಗ್ ದಾರಿಯ ಬೇಕರಿಯವನನ್ನೂ ವಿಚಾರಿಸಿದಿರಂತೆ. ನೀವೇ ನನಗೆ ಹೇಳಿದ್ದು. ಎಲ್ಲೂ ಏನೂ ಸಿಗಲಿಲ್ಲ. ಸಿಗದೆ ಹೋದಷ್ಟೂ ನಿಮ್ಮ ಅನುಮಾನ ಗಟ್ಟಿಯಾಯಿತು.

ಆಮೇಲೆ ಆ ಸಂಜೆ. ನೀವು, ಅಂಕಲ್, ನಿಮ್ಮ ಮಗಳು ಸುಮಾ ಅಕ್ಕ, ಮೂವರೂ ಬಂದಿರಿ. ಕೌಂಟರಿನ ತುಂಬ ಜನ. ಅಂಕಲ್ ಬಟ್ಟೆ ಚೀಲದಿಂದ ಆ ಬಾಟಲಿ ತೆಗೆದು ನನ್ನ ಮುಂದಿಟ್ಟರು. ಜೀವಮಾನವೆಲ್ಲ ಮೇಷ್ಟ್ರಾಗಿದ್ದವರು, ಮಕ್ಕಳ ಸುಳ್ಳು ನಿಜ ವಿಚಾರಿಸಿದವರು — ಅವರು ನನ್ನಂಥವಳನ್ನು ಬೇಡಿಕೊಳ್ಳುವ ಹಾಗೆ ಕೇಳಿದರು.

"ನಾನೇನೂ ತಿಂದಿಲ್ಲಮ್ಮ. ಔಷಧೀನೇ ಸರಿಯಿಲ್ವೇನೋ. ಸ್ವಲ್ಪ ನೋಡು, ನೀನೇ ಇವರಿಗೆ ಹೇಳು."

ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದೆ. ತಿರುಗಿಸಿ ತಿರುಗಿಸಿ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ — ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ, ಅಂಥ ಪಕ್ಕಾ ಕಳ್ಳಿ.

"ಔಷಧಿ ಎಲ್ಲಾ ಸರಿಯಾಗೇ ಇದೆ ಅಂಕಲ್. ಬಾಯಿ ಕಟ್ಬೇಕು, ಅಷ್ಟೆ."

ಪಕ್ಕದಲ್ಲಿ ನಿಂತಿದ್ದವರು ನಕ್ಕರು. ಸುಮಾ ಅಕ್ಕ ಅಪ್ಪನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅಂಕಲ್ ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಒಂದೇ ಒಂದು ಮಾತು ವಾದ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು — ನಾನು ಬಾಯಿಬಿಡುತ್ತಿದ್ದೆನೋ ಏನೋ. ಇಲ್ಲ, ಬಿಡುತ್ತಿರಲಿಲ್ಲ.

ಅವತ್ತೇ ನೀವು ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದಿರಿ. ಉಳಿದಿದ್ದ ಇನ್ನೊಂದು ಬಾಟಲಿಯನ್ನು ನಾನು ಯಾರಿಗೂ ಕಾಣದಂತೆ ಸುರಿದು ಎಸೆದೆ. ಮುಂದಿನ ಸಲ ಅಂಕಲ್‌ಗೆ ಒಳ್ಳೆಯದನ್ನೇ ಕೊಟ್ಟೆ. ಶುಗರ್ ಇಳಿಯಿತು. ಬೀಗ ಹಾಕಿದ ಮೇಲೆ ನೋಡು ಹೇಗೆ ಸರಿಹೋಯಿತು ಎಂದು ನೀವು ಖುಷಿಯಾಗಿ ಹೇಳಿದಿರಿ. ನಾನೂ ನಕ್ಕೆ. ನನ್ನ ತಪ್ಪನ್ನು ನಾನು ಗುಟ್ಟಾಗಿ ತಿದ್ದಿಕೊಂಡದ್ದೇ ಅವರ ಕಳ್ಳತನಕ್ಕೆ ರುಜುವಾತಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅಂಕಲ್.

ಆಮೇಲೆ ಅವರು ಅಂಗಡಿಗೆ ಬರುವುದನ್ನು ಬಿಟ್ಟರು, ನಿಮ್ಮನ್ನೇ ಕಳಿಸುತ್ತಿದ್ದರು. ಹೋದ ವರ್ಷ ಹಾರ್ಟ್ ಅಟ್ಯಾಕಿನಲ್ಲಿ ಹೋಗಿಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು. ಕೇಳಿ ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ.

ಮೊನ್ನೆ ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಟ್ಟು, ನನಗೂ ಒಂದು ಡಬ್ಬಿಯಲ್ಲಿ ಒಬ್ಬಟ್ಟು ತಂದುಕೊಟ್ಟಿರಿ. ಕಣ್ಣು ಒರೆಸಿಕೊಂಡು ನಗುತ್ತ ಹೇಳಿದಿರಿ:

"ಬದುಕಿದ್ದಾಗ ಕದ್ದು ತಿಂದ್ರು ಕಣಮ್ಮ, ಕೊನೇವರೆಗೂ ಒಪ್ಕೊಳ್ಲಿಲ್ಲ. ಈಗಾದ್ರೂ ಎದುರಿಗೇ ತಿನ್ಲಿ ಅಂತ ಎಲೆ ತುಂಬ ಬಡಿಸ್ದೆ."

ನಾನು ಆ ಒಬ್ಬಟ್ಟನ್ನು ಮುರಿದು ನಿಮ್ಮೆದುರಿಗೇ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿದೆ ಆಂಟಿ ಎಂದೆ. ಅಯ್ಯೋ, ಅದು ಗಂಟಲಿನಿಂದ ಇಳಿದದ್ದಾದರೂ ಹೇಗೆ —

ಹೇಳಿದರೆ ಈ ವಯಸ್ಸಿನಲ್ಲಿ ನಿಮಗೇ ನೋವು, ಹೋದವರು ಹೋದರು ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೆ. ನಿಮ್ಮ ನೋವಿನ ಹಿಂದೆ ಅವಿತುಕೊಂಡಿದ್ದೆ, ಬೇರೇನಲ್ಲ. ನಾಳೆ ಬೆಳಿಗ್ಗೆ ಶಿವಣ್ಣ ಸರ್‌ಗೆ ಎಲ್ಲ ಹೇಳುತ್ತೇನೆ. ಈ ಕೆಲಸ ಉಳಿಯುತ್ತದೋ ಇಲ್ಲವೋ ಅವರಿಗೆ ಬಿಟ್ಟದ್ದು. ಸಂಜೆ ಸುಮಾ ಅಕ್ಕ ಇರುವ ಹೊತ್ತಿಗೆ ನಿಮ್ಮ ಮನೆಗೆ ಬಂದು, ಈಗ ಮನಸ್ಸಿನಲ್ಲೇ ಹೇಳಿಕೊಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ಏಕೆಂದರೆ ನಾನು ಸುಳ್ಳು ಹೇಳಿದ್ದು ನಿಮ್ಮಿಬ್ಬರ ಮುಂದೆ. ನೀವು ಬೈಯಿರಿ, ಬಾಗಿಲು ಹಾಕಿಕೊಳ್ಳಿ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ಬರುವ ವರ್ಷ ಎಡೆಗೆ ಒಬ್ಬಟ್ಟು ಬಡಿಸುವಾಗ ನಿಮ್ಮ ಬಾಯಲ್ಲಿ ಕದ್ದು ತಿಂದರು ಎಂಬ ಆ ಮಾತು ಬರಬಾರದು, ಆಂಟಿ.