ಒಂಬತ್ತರೊಳಗೆ ಒಂದು ಬಾಂಡ್ಲಿ

ನಮ್ಮ ಕಾಂಕ್ರೀಟ್ ಪಂಪಿಗೆ ಅನ್ನ ಹಾಕಿದ್ದು ವಿಜಯನಗರದ ಸಣ್ಣ ಅಡ್ಡರಸ್ತೆಗಳು. ದೊಡ್ಡ ಕಂಪನಿಗಳ ಉದ್ದ ತೋಳಿನ ಪಂಪ್ ಲಾರಿ ಅಲ್ಲಿ ತಿರುಗುವುದಿಲ್ಲ. ಒಂದು ಕಡೆ ನಿಂತ ಕಾರುಗಳು, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್, ಮೇಲೆ ಕೇಬಲ್ಲುಗಳ ಬಲೆ. ನಮ್ಮದು ಟೆಂಪೊ ಹಿಂದೆ ಕಟ್ಟಿ ಎಳೆದೊಯ್ಯುವ ಪಂಪು. ಅದನ್ನು ರಸ್ತೆಯಲ್ಲಿ ನಿಲ್ಲಿಸಿ, ಗೋಡೆಗುಂಟ ಕಬ್ಬಿಣದ ಪೈಪು ಜೋಡಿಸಿದರೆ ಕಾಂಕ್ರೀಟು ಮೂರನೇ ಮಹಡಿಗೂ ಏರುತ್ತದೆ. ಹಾಗಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಏರದಿದ್ದರೆ ಏನಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಪಂಪು ನನ್ನ ಸೋದರಮಾವನದು. ಅದಕ್ಕೂ ಮೊದಲು ಅವರು ಬಾಂಡ್ಲಿ ಗ್ಯಾಂಗ್ ನಡೆಸುತ್ತಿದ್ದರು. ಗಂಡಸರು ಹೆಂಗಸರು ಏಣಿಯುದ್ದಕ್ಕೂ ಸಾಲಾಗಿ ನಿಂತು, ಕಾಂಕ್ರೀಟು ತುಂಬಿದ ಕಬ್ಬಿಣದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುವ ತಂಡ. ಆಳು ಸಿಗುವುದು ಕಷ್ಟವಾದಾಗ ಮಾವ ಧೈರ್ಯ ಮಾಡಿ ಸೆಕೆಂಡ್ ಹ್ಯಾಂಡ್ ಪಂಪು ತಂದರು. ನಾನು ನಾಗರಬಾವಿಯಲ್ಲಿ ಕಾನೂನು ಓದಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಶೋಕೇಸಿನಲ್ಲಿ ಜೋಡಿಸಿ, ಅವರ ಜೊತೆ ಸೇರಿಕೊಂಡೆ. "ಇವಳ ಬಾಯಿಗೆ ಕೋರ್ಟು ಸಾಲಲ್ಲ, ಸೈಟೇ ಸರಿ" ಎಂದರು ಅಮ್ಮ. ಯಂತ್ರ ಮಾವನದು, ಫೋನು ಮತ್ತು ಜಗಳ ನನ್ನದು ಎಂದು ಕೆಲಸ ಹಂಚಿಕೊಂಡೆವು.

ಶುರುವಿನ ತಿಂಗಳುಗಳಲ್ಲಿ ಪಂಪು ಹೆಚ್ಚಾಗಿ ಬಿನ್ನಿಪೇಟೆಯ ಶೆಡ್ಡಿನಲ್ಲೇ ನಿಂತಿರುತ್ತಿತ್ತು. ಕೊನೆಗೆ ಒಬ್ಬ ಮೇಸ್ತ್ರಿ ಒಪ್ಪಿದರು. ಬಸವೇಶ್ವರನಗರದಿಂದ ಮಹಾಲಕ್ಷ್ಮಿ ಲೇಔಟಿನವರೆಗೆ ಅವರ ಕೈಯಲ್ಲಿ ಮನೆಗಳು ಏಳುತ್ತಿದ್ದವು.

"ವಿಜಯನಗರದಲ್ಲಿ ಒಂದು ತಾರಸಿ ಮೋಲ್ಡ್ ಇದೆ, ಶನಿವಾರ. ಸರಿಹೋದ್ರೆ ಮುಂದಿನ ಮನೆಗಳೆಲ್ಲಾ ನಿಮ್ಗೇ" ಎಂದರು. "ಹೋಗ್ಲಿಲ್ಲ ಅಂದ್ರೆ ನಾನು ಬಾಂಡ್ಲಿ ಗ್ಯಾಂಗಿಗೇ ವಾಪಸ್. ಆಮೇಲೆ ಫೋನ್ ಮಾಡಿ ನನ್ನ ಹತ್ರ ಲಾ ಪಾಯಿಂಟ್ ಹಾಕ್ಬೇಡಮ್ಮ."

ಆ ಮನೆಯ ಯಜಮಾನರಿಗೆ ಅದೇ ಏರಿಯಾದಲ್ಲಿ ಪಾತ್ರೆ ಅಂಗಡಿ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಆದ್ದರಿಂದ ತಾರಸಿಯ ಕೆಲಸ ಒಂಬತ್ತರೊಳಗೆ ಶುರುವಾಗಲೇಬೇಕು ಎಂದು ಮೊದಲೇ ಹೇಳಿದ್ದರು. ಕೆಂಗೇರಿ ಆಚೆಯಿಂದ ಎಂಟಕ್ಕೇ ಬರಬೇಕಿದ್ದ ರೆಡಿಮಿಕ್ಸ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅದು ಹೊಟ್ಟೆ ತಿರುಗಿಸುತ್ತಾ ನಮ್ಮ ಅಡ್ಡರಸ್ತೆಗೆ ಮೂತಿ ಹಾಕುವಾಗ ಒಂಬತ್ತಕ್ಕೆ ಉಳಿದಿದ್ದು ಸ್ವಲ್ಪವೇ ಹೊತ್ತು.

ಆ ಸ್ವಲ್ಪ ಹೊತ್ತಿನಲ್ಲೂ ನಾನು ವಾದಕ್ಕಿಳಿದೆ.

"ಸಾರ್, ಲಾರಿ ಒಳಗಿರೋ ಕಾಂಕ್ರೀಟಿಗೆ ರಾಹುಕಾಲ ಗೊತ್ತಿಲ್ಲ. ಅದು ಗಟ್ಟಿ ಆಗ್ತಾನೇ ಇರುತ್ತೆ."

"ಕಾಂಕ್ರೀಟಿಗೆ ಗೊತ್ತಿಲ್ದೇ ಇರ್ಬೋದು ಕಣಮ್ಮ, ನಮ್ಮನೆಗೆ ಗೊತ್ತು."

"ಹಾಗಾದ್ರೆ ಶನಿವಾರ ನಿಮ್ಮ ಅಂಗಡಿಲಿ ಹತ್ತೂವರೆ ತನಕ ವ್ಯಾಪಾರ ಮಾಡಲ್ವಾ ಸಾರ್?"

ಮೇಸ್ತ್ರಿ ಕಿಸಕ್ಕನೆ ನಕ್ಕರು. ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುವ ಮಾತು. ಇಲ್ಲಿ ಯಜಮಾನರು ಲಾರಿಯ ಕಡೆ ಬೆರಳು ಮಾಡಿದರು.

"ಒಂಬತ್ತರೊಳಗೆ ಮೋಲ್ಡಿಗೆ ಬೀಳ್ಬೇಕು. ಇಲ್ಲಾಂದ್ರೆ ಲಾರಿ ವಾಪಸ್, ನಿಮ್ಮ ಪಂಪೂ ವಾಪಸ್. ಹತ್ತೂವರೆ ಮೇಲೆ ಬೇರೆಯವ್ರನ್ನ ಕರೆಸ್ತೀನಿ."

"ಬೀಳುತ್ತೆ ಸ್ವಾಮಿ, ನೀವು ಮೇಲೆ ಹೋಗಿ" ಎಂದು ಮಾವ ನಡುವೆ ಬಂದು ಕೈಮುಗಿದರು. ಆ ಮಾತು ಸಮಾಧಾನಕ್ಕೆ ಆಡಿದ್ದಲ್ಲ. ಮಾವನಿಗೂ ರಾಹುಕಾಲವೆಂದರೆ ಭಯ. ಪಂಪಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವರು ಅವರೇ.

ಒಣ ಪೈಪಿಗೆ ನೇರವಾಗಿ ಕಾಂಕ್ರೀಟು ಬಿಡುವಂತಿಲ್ಲ. ಮೊದಲು ತೆಳ್ಳಗೆ ಕಲಸಿದ ಸಿಮೆಂಟ್ ಹಾಲನ್ನು ಕಳಿಸಬೇಕು. ಅದು ಒಳಮೈಯನ್ನೆಲ್ಲ ಸವರಿಕೊಂಡು ಹೋದರೆ ಹಿಂದಿನಿಂದ ಕಾಂಕ್ರೀಟು ಜಾರುತ್ತದೆ. ಇಲ್ಲದಿದ್ದರೆ ಕಾಂಕ್ರೀಟಿನ ಪಸೆಯೆಲ್ಲ ಒಣ ಕಬ್ಬಿಣಕ್ಕೇ ಮೆತ್ತಿಕೊಂಡು, ಮುಂದೆ ಬರೀ ಜಲ್ಲಿ ಉಳಿಯುತ್ತದೆ. ಮಾವ ಅರ್ಧ ಡ್ರಮ್ ಹಾಲು ಸುರಿದು ಲಾರಿಯ ಡ್ರೈವರಿಗೆ ಕೈ ಬೀಸಿದರು.

"ಮಾವ, ಇನ್ನೂ ಅರ್ಧ ಡ್ರಮ್ ಇದೆ!"

"ಟೈಮಿಲ್ಲ ಕಣೇ. ಇಷ್ಟು ಸಾಕು."

ಕಾಂಕ್ರೀಟು ಪಂಪಿನ ಬಾಯಿಗೆ ಬಿತ್ತು. ಗೋಡೆಗುಂಟ ಪೈಪು ಒಂದು ಸಲ ಮೈ ಕೊಡವಿತು, ಇನ್ನೊಂದು ಸಲ ಕೊಡವಿತು. ಆಮೇಲೆ ಇಂಜಿನ್ನಿನ ದನಿ ದಪ್ಪಗಾಗಿ, ಹೊಟ್ಟೆಯಿಂದ ನರಳಿದಂತೆ ಕೇಳಿಸಿ, ಪೈಪು ಸುಮ್ಮನಾಯಿತು. ಮೇಲೆ ರಬ್ಬರ್ ಹೋಸು ಹಿಡಿದು ನಿಂತಿದ್ದವನು ಅದರ ಬಾಯಿಯನ್ನು ನೋಡಿ, ನಮ್ಮನ್ನು ನೋಡಿ, ಏನೂ ಬಂದಿಲ್ಲವೆಂದು ತಲೆಯಾಡಿಸಿದ.

ಮಾವ ಗೋಡೆಗೆ ಕಟ್ಟಿದ್ದ ಸಾರವೆ ಹತ್ತಿ, ಪೈಪಿನುದ್ದಕ್ಕೂ ಸುತ್ತಿಗೆ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಮೊದಲ ಮಹಡಿಯ ತಿರುವಿನಲ್ಲಿ ಮಾತ್ರ ದಪ್. ಅಲ್ಲೇ ಕಟ್ಟಿಕೊಂಡಿತ್ತು. ಸುತ್ತಿಗೆಯನ್ನು ಅಲ್ಲೇ ಬಿಟ್ಟು, ಪಂಪನ್ನು ಹಿಮ್ಮುಖವಾಗಿ ಓಡಿಸಲು ಕೆಳಗೆ ಓಡಿದರು. ಪೈಪಿನೊಳಗಿನ ಒತ್ತಡ ಇಳಿಯುವ ಮೊದಲು, ಪೈಪಿಗೆ ಪೈಪು ಬಿಗಿದಿಡುವ ಕ್ಲಾಂಪು ಬಿಚ್ಚಿದರೆ ಜಲ್ಲಿ ಗುಂಡಿನ ಹಾಗೆ ಸಿಡಿಯುತ್ತದೆ. ಅಷ್ಟರಲ್ಲಿ ಮೇಸ್ತ್ರಿ ಸಾರವೆ ಹತ್ತಿ, ಅದೇ ಸುತ್ತಿಗೆ ಎತ್ತಿಕೊಂಡು, ತಿರುವಿನ ಕ್ಲಾಂಪಿನ ಮುಂದೆ ನಿಂತಿದ್ದರು. ನಾನು ಹಿಂದೆಯೇ ಹತ್ತಿ, ಅವರಿಗೂ ಕ್ಲಾಂಪಿಗೂ ನಡುವೆ ಭುಜ ತೂರಿಸಿದೆ.

"ಪಕ್ಕಕ್ಕೆ ಬಾಮ್ಮ! ಎರಡೇಟು ಹೊಡೆದ್ರೆ ಬಿಚ್ಕೊಳುತ್ತೆ."

"ಬಿಚ್ಕೊಂಡು ನಿಮ್ಮ ಮುಖದ ಮೇಲೆ ಬರುತ್ತೆ. ಒತ್ತಡ ಇಳೀತು ಅಂತ ಮಾವ ಕೈ ಎತ್ತೋ ತನಕ ಇದನ್ನ ಯಾರೂ ಮುಟ್ಟಂಗಿಲ್ಲ."

"ಒಂಬತ್ತಾಗ್ತಾ ಇದೆ! ಲಾರಿ ವಾಪಸ್ ಹೋದ್ರೆ ನಿಮ್ಮ ಹೆಸರು ಹೋಯ್ತು, ನಂದೂ ಹೋಯ್ತು."

"ಹೆಸರು ಹೋದ್ರೆ ನೋಡ್ಕೊಳೋಣ. ಕಣ್ಣು ಹೋದ್ರೆ ಏನ್ ನೋಡ್ತೀರಾ?"

ಅವರು ಕೈ ಇಳಿಸಲಿಲ್ಲ. ನಾನೂ ಸರಿಯಲಿಲ್ಲ. ಬೆನ್ನಿಗೆ ಒತ್ತಿದ್ದ ಪೈಪು ಬಿಸಿಯಾಗಿ ಸಣ್ಣಗೆ ನಡುಗುತ್ತಿತ್ತು. ಆ ಕ್ಲಾಂಪು ತಾನಾಗಿಯೇ ಬಿಚ್ಚಿಕೊಂಡರೆ ಮೊದಲು ಹೋಗುವುದು ನನ್ನ ಬೆನ್ನು ಎಂಬ ಯೋಚನೆ ಆಗ ಬಂತು. ಅವರನ್ನು ತಡೆದು ನಿಲ್ಲಲು ಬೇರೆ ಜಾಗ ಮಾತ್ರ ಇರಲಿಲ್ಲ.

ಆಗ ಮೇಲಿಂದ ಯಜಮಾನರ ತಾಯಿ ಬಗ್ಗಿ ಕೂಗಿದರು. ಕೈಯಲ್ಲಿ ಅರಿಶಿನ ಕುಂಕುಮ, ಹೂವಿನ ತಟ್ಟೆ.

"ಏ ಹುಡ್ಗೀ, ನಾನು ಹೂವು ಹಿಡ್ಕೊಂಡು ಎಷ್ಟೊತ್ತು ನಿಂತ್ಕೊಳ್ಳಲೇ?"

ಚರ್ಚೆಗೆ ನಿಂತವರು ಮೊಟ್ಟಮೊದಲು ಕಲಿಯುವ ಪಾಠವೊಂದಿದೆ: ಎದುರಾಳಿ ನಿಜಕ್ಕೂ ಕೇಳುತ್ತಿರುವುದು ಏನು ಎಂದು ತಿಳಿದುಕೊಂಡು ಆಮೇಲೆ ಬಾಯಿ ತೆರೆಯಬೇಕು. ಬೆಳಿಗ್ಗೆಯಿಂದ ನಾನು ರಾಹುಕಾಲ ಸುಳ್ಳು ಎಂದು ಸಾಧಿಸಲು ಹೊರಟಿದ್ದೆ. ಒಂಬತ್ತರೊಳಗೆ ಎಷ್ಟು ಬೀಳಬೇಕು ಎಂದು ಯಾರನ್ನೂ ಕೇಳಿರಲಿಲ್ಲ.

"ಅಜ್ಜೀ, ನಿಮಗೆ ಈಗ ಎಷ್ಟು ಬೇಕು? ಪೂರ್ತಿ ಲಾರೀನಾ, ಒಂದು ಬಾಂಡ್ಲೀನಾ?"

"ಲಾರಿ ಇಟ್ಕೊಂಡು ನಾನೇನು ಮಾಡ್ಲಿ? ಈಶಾನ್ಯಕ್ಕೆ ಹಾಕಕ್ಕೆ ಒಂದು ಬಾಂಡ್ಲಿ ಸಾಕು!"

ಮೇಸ್ತ್ರಿಯ ಕಡೆ ಕೈ ಚಾಚಿದೆ. "ಸುತ್ತಿಗೆ ಕೊಡಿ."

"ಯಾಕೆ?"

"ನಾನು ಹೋದ್ಮೇಲೆ ನೀವು ಬಿಚ್ತೀರಾ. ಕೊಡಿ."

ಅವರು ಕೊಟ್ಟರು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದೆ. ಲಾರಿಯ ಡ್ರೈವರ್ ಕಾಂಕ್ರೀಟು ಇಳಿಯುವ ದೋಣಿಯಿಂದ, ಸೈಟಿನಲ್ಲಿ ಬಿದ್ದಿದ್ದ ಒಂದು ಬಾಂಡ್ಲಿ ತುಂಬಿಸಿದ. ವೇಲನ್ನು ಸಿಂಬಿ ಸುತ್ತಿ ಬಾಂಡ್ಲಿಯನ್ನು ತಲೆಗಿಟ್ಟುಕೊಂಡೆ. ಮಾವ ಪಂಪಿನ ಹತ್ತಿರದಿಂದಲೇ, "ಕತ್ತು ನೆಟ್ಟಗಿಡು! ಕೆಳಗೆ ನೋಡ್ಬೇಡ!" ಎಂದು ಕಿರುಚಿದರು. ಕಂಬಿಯಿಲ್ಲದ ಹಸಿ ಮೆಟ್ಟಿಲುಗಳು, ಮುಖಕ್ಕೆ ಇಳಿಯುವ ಸಿಮೆಂಟ್ ನೀರು, ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುವ ಸುತ್ತಿಗೆ. ಎರಡನೇ ಮಹಡಿಯ ತಿರುವಿನಲ್ಲಿ ಕಾಲು ಜಾರಿತು. ಗೋಡೆಗೆ ಒರಗಿ ನಿಂತು, ಮತ್ತೆ ಹತ್ತಿದೆ.

ಅಜ್ಜಿ ಬಾಂಡ್ಲಿಯ ಅಂಚಿಗೆ ಕುಂಕುಮ ಹಚ್ಚಿ, ಹೂವಿಟ್ಟು, ನನ್ನ ಕೈಗೆ ಕೈ ಸೇರಿಸಿ ಮೂಲೆಗೆ ಸುರಿದರು. ಯಜಮಾನರು ಜೇಬಿನಿಂದ ಫೋನ್ ತೆಗೆದು ನೋಡಿದರು. ಮತ್ತೆ ಜೇಬಿಗಿಟ್ಟರು.

"ಶುರುವಾಯ್ತು" ಎಂದರು.

ಎಷ್ಟು ಗಂಟೆಯಾಗಿತ್ತೆಂದು ಅವರು ಹೇಳಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಪುರಾವೆ ಕೇಳಲಿಲ್ಲ.

ಮಾವ ಕೈ ಎತ್ತಿದ ಮೇಲೆ ಕ್ಲಾಂಪು ಬಿಚ್ಚಿದೆವು. ಒಣ ಜಲ್ಲಿ ಕಡಲೆಪುರಿಯ ಹಾಗೆ ಕೆಳಕ್ಕೆ ಸುರಿಯಿತು. ಪೈಪು ತೊಳೆದು, ಮತ್ತೆ ಜೋಡಿಸಿ, ಹೊಸದಾಗಿ ಕಲಸಿದ ಹಾಲನ್ನು ಈ ಸಲ ಪೂರ್ತಿ ಡ್ರಮ್ ಬಿಟ್ಟೆವು. ಅದು ಮೇಲೆ ಬಂದಾಗ ಹೊರಗೆ ಚೆಲ್ಲಿಸಿ, ಕಾಂಕ್ರೀಟು ಹತ್ತಿಸಿದೆವು. ಅಪ್ಪಟ ರಾಹುಕಾಲದಲ್ಲಿ ಇಡೀ ಲಾರಿ ಖಾಲಿಯಾಯಿತು. ಯಾರೂ ಚಕಾರ ಎತ್ತಲಿಲ್ಲ, ಶುರುವಾಗಿ ಹೋಗಿತ್ತಲ್ಲ.

ಊಟಕ್ಕೆ ಕೂತಾಗ ಮೇಸ್ತ್ರಿ ನನ್ನ ಸೊಂಟದ ಕಡೆ ನೋಡಿ, "ಇನ್ನಾದ್ರೂ ಸುತ್ತಿಗೆ ಕೊಡಮ್ಮ" ಎಂದರು. ಆಮೇಲೆ, "ಮುಂದಿನ ವಾರ ರಾಜಾಜಿನಗರ. ಬಾಂಡ್ಲಿ ತರೋದು ಮರೀಬೇಡಿ."

ಈಗ ನಮ್ಮಲ್ಲಿ ಎರಡು ಪಂಪುಗಳಿವೆ. ಎರಡರ ಪಕ್ಕದಲ್ಲೂ ಒಂದೊಂದು ಬಾಂಡ್ಲಿ ನೇತಾಡುತ್ತದೆ. ಮನೆಯವರು ಕೇಳಿದ ಹೊತ್ತಿಗೆ ಅವರ ಪೂಜೆಗೆ ಒಂದು ಬಾಂಡ್ಲಿ ಕೈಯಲ್ಲೇ ಕಲಸಿ ಕೊಟ್ಟುಬಿಡುತ್ತೇವೆ. ಪಂಪು ಅದರ ಹೊತ್ತಿಗೆ ಶುರುವಾಗುತ್ತದೆ. ಒಂಬತ್ತರೊಳಗೆ ಬಾಂಡ್ಲಿ ಬಿದ್ದಿದ್ದಕ್ಕೇ ಅವತ್ತು ಮೋಲ್ಡ್ ಉಳಿಯಿತು ಎಂದು ಮಾವ ಇವತ್ತಿಗೂ ಹೇಳುತ್ತಾರೆ. ಒಂಬತ್ತರ ಹೆದರಿಕೆಗೇ ಪೈಪು ಕಟ್ಟಿಕೊಂಡಿತು ಎಂದು ನಾನು. ಇಬ್ಬರೂ ಸೋತಿಲ್ಲ.

ಹಾಲು ಬಿಡುವಾಗ ಮಾತ್ರ ನಾನು ಡ್ರಮ್ಮಿನ ಪಕ್ಕದಲ್ಲೇ ನಿಲ್ಲುತ್ತೇನೆ.

"ಸಾಕು ಕಣೇ" ಎನ್ನುತ್ತಾರೆ ಮಾವ.

"ತಳ ಕಾಣ್ಲಿ ಮಾವ" ಎನ್ನುತ್ತೇನೆ.